ಮೊಲದ ಸ್ಪರ್ಧೆಗೆ ತಕ್ಕಡಿಯೊಂದೇ ಸಾಕೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ತಾಲ್ಲೂಕಿನಲ್ಲಿ ನಡೆದ ಕೃಷಿ ಮೇಳದ ಸಾಕುಪ್ರಾಣಿ ಸ್ಪರ್ಧೆಯ ವರದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದೆ. ಮೊಲಗಳ ವಿಭಾಗದಲ್ಲಿ 5 ಕಿಲೊ 900 ಗ್ರಾಂ ತೂಗುವ ಬಿಳಿ ಮೊಲವೊಂದು ಎಲ್ಲರ ಗಮನ ಸೆಳೆದು ಪ್ರಥಮ ಬಹುಮಾನ ಪಡೆಯಿತೆಂದು ಅದರಲ್ಲಿ ಬರೆದಿದೆ. ಆ ಮೊಲ ನನ್ನದು. ಹಾಗಾಗಿ ಈ ಪತ್ರವನ್ನು ಸೋತವನ ಹೊಟ್ಟೆಯುರಿ ಎಂದು ಯಾರೂ ತಳ್ಳಿಹಾಕಲಾರರೆಂಬ ಧೈರ್ಯದಿಂದಲೇ ಹೇಳುತ್ತಿದ್ದೇನೆ: ಆ ಬಹುಮಾನ ನನ್ನ ಮೊಲಕ್ಕೆ ಬರಬಾರದಿತ್ತು.

ಅದು ನ್ಯೂಜಿಲೆಂಡ್ ವೈಟ್ ತಳಿಯ ಹೆಣ್ಣು. ಹೆಸರಿನಲ್ಲಿ ನ್ಯೂಜಿಲೆಂಡ್ ಇದ್ದರೂ ಈ ತಳಿಯನ್ನು ರೂಪಿಸಿದ್ದು ಅಮೆರಿಕದಲ್ಲಿ, ಮುಖ್ಯವಾಗಿ ಮಾಂಸಕ್ಕಾಗಿ. ಅಲ್ಲಿನ ತಳಿಮಾನಕದ, ಅಂದರೆ ಒಂದು ತಳಿ ಹೇಗಿರಬೇಕೆಂದು ಬರೆದಿಟ್ಟ ನಿಯಮದ, ಪ್ರಕಾರ ಬೆಳೆದ ಹೆಣ್ಣು 10ರಿಂದ 12 ಪೌಂಡ್, ಅಂದರೆ ಸುಮಾರು ನಾಲ್ಕೂವರೆಯಿಂದ 5 ಕಿಲೊ 400 ಗ್ರಾಂವರೆಗೆ ತೂಗಬೇಕು. ಗಂಡು 9ರಿಂದ 11 ಪೌಂಡ್. ನನ್ನ ಮೊಲ ಮೇಲಿನ ಮಿತಿಯನ್ನು ಅರ್ಧ ಕಿಲೊ ಮೀರಿತ್ತು. ಅಲ್ಲಿನ ತೀರ್ಪಿನ ಮೇಜಿನ ಮೇಲೆ ಇಟ್ಟಿದ್ದರೆ ಅದನ್ನು ತಕ್ಕಡಿಯ ಹಂತದಲ್ಲೇ ಅನರ್ಹಗೊಳಿಸುತ್ತಿದ್ದರು. ನಮ್ಮಲ್ಲಿ ಅದೇ ತಕ್ಕಡಿ ಅದಕ್ಕೆ ಕಪ್ ತಂದುಕೊಟ್ಟಿತು. ಹೆಚ್ಚಾದ ಆ ಅರ್ಧ ಕಿಲೊ ಗಟ್ಟಿ ಮಾಂಸವೂ ಆಗಿರಲಿಲ್ಲ. ಮರಿ ಹಾಕಿಸದೆ ಒಂದು ವರ್ಷ ಸುಮ್ಮನೆ ಮೇಯಿಸಿ, ಜೋಳ ಮತ್ತು ಹಿಂಡಿಯನ್ನು ಕೈತುಂಬ ಸುರಿದ ಫಲವಾಗಿ ಹೊಟ್ಟೆಯ ಕೆಳಗೂ ಗಂಗೆದೊಗಲಿನಲ್ಲೂ ತುಂಬಿಕೊಂಡ ಕೊಬ್ಬು ಅದು. ಸಾಲದ್ದಕ್ಕೆ ಬಲ ಮಗ್ಗುಲಿನಲ್ಲಿ ಕೂದಲು ಉದುರಿ ಹೊಸ ಕೂದಲು ಮೂಡುತ್ತಿತ್ತು. ತೀರ್ಪುಗಾರರು ಒಮ್ಮೆ ಕೈಯಾಡಿಸಿದ್ದರೆ ಅಂಗೈಗೆ ಬಿಳಿ ಕೂದಲು ಮೆತ್ತಿಕೊಳ್ಳುತ್ತಿತ್ತು. ಅವರು ಕೈಯಾಡಿಸಲಿಲ್ಲ. ಗೂಡಿನ ತಂತಿಯ ಹೊರಗಿನಿಂದ ನೋಡಿದರು, ತೂಕದ ಚೀಟಿ ಓದಿದರು, ಮುಂದಕ್ಕೆ ಹೋದರು. 'ನಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎನ್ನುವ ಗಾದೆಯವನಾದರೂ ಮೊಲವನ್ನು ಹಿಡಿದಿದ್ದ. ನಮ್ಮ ಮೇಳಗಳಲ್ಲಿ ಹಿಡಿಯುವ ಪದ್ಧತಿಯೇ ಇಲ್ಲ.

ನನ್ನ ಗೂಡಿನಿಂದ ಮೂರನೆಯ ಗೂಡಿನಲ್ಲಿ ಹೈಸ್ಕೂಲು ಓದುವ ಹುಡುಗನೊಬ್ಬ ತಂದಿದ್ದ ಕ್ಯಾಲಿಫೋರ್ನಿಯನ್ ಗಂಡು ಇತ್ತು. ತೂಕ ನಾಲ್ಕು ಕಿಲೊ ಚಿಲ್ಲರೆ. ಆ ತಳಿಯ ಗಂಡಿಗೆ 8ರಿಂದ 10 ಪೌಂಡ್ ಎಂಬ ಲೆಕ್ಕದಲ್ಲಿ ಅಷ್ಟೇ ಸರಿ. ಅವನ ಅನುಮತಿ ಪಡೆದು ನಾನು ಅದನ್ನು ಹೊರಗೆ ತೆಗೆದು ನೋಡಿದೆ. ಸೊಂಟದ ಮೇಲೆ ಅಂಗೈ ಇಟ್ಟರೆ ಅಂಗೈ ತುಂಬಿತು. ಎರಡೂ ಬದಿಯಲ್ಲಿ ಮಾಂಸ ಬಿಗಿಯಾಗಿತ್ತು, ಬೆನ್ನುಮೂಳೆಯ ಗಂಟುಗಳು ಬೆರಳಿಗೆ ಚುಚ್ಚಲಿಲ್ಲ. ಹಿಂಭಾಗದ ತುದಿ ಬಾಲದವರೆಗೂ ದುಂಡಗೆ ಇಳಿದಿತ್ತು, ಎಲ್ಲೂ ಕತ್ತರಿಸಿದಂತಿರಲಿಲ್ಲ. ಅದಕ್ಕೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ನಮ್ಮ ಊರುಗಳಲ್ಲಿ ಪ್ರಾಣಿಯನ್ನು ನೋಡಿ ಅಳೆಯುವ ವಿದ್ಯೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಹೋರಿಯ ಮುಂದೆ ನಿಂತ ರೈತ ಸುಳಿ ನೋಡುತ್ತಾನೆ, ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಕೊಂಬಿನ ಬುಡ, ಗೊರಸು, ಬಾಲದ ಕುಚ್ಚು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಕೊನೆಗೆ ಬೆನ್ನ ಮೇಲೆ ಕೈ ಎಳೆದು ಚರ್ಮ ಹೇಗೆ ನಡುಗುತ್ತದೆಂದೂ ನೋಡುತ್ತಾನೆ. ಮಲೆನಾಡು ಗಿಡ್ಡ ಹಸುವನ್ನು ಹಳ್ಳಿಕಾರ್ ಪಕ್ಕದಲ್ಲಿ ನಿಲ್ಲಿಸಿ, ತೂಕ ಕಡಿಮೆಯೆಂದು ಅದನ್ನು ಸೋಲಿಸಿದರೆ ಜಾತ್ರೆಯೇ ನಗುತ್ತದೆ. ಮೊಲದ ವಿಷಯಕ್ಕೆ ಬಂದಾಗ ಮಾತ್ರ ಈ ಅರಿವನ್ನೆಲ್ಲ ಮರೆತು, ಒಂದೂಕಾಲು ಕಿಲೊ ದಾಟಬಾರದ ತಳಿಯನ್ನೂ ಆರು ಕಿಲೊ ದಾಟಬೇಕಾದ ತಳಿಯನ್ನೂ ಒಂದೇ ಸಾಲಿನಲ್ಲಿ ಇಡುತ್ತೇವೆ.

ಇದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣವಿರಬಹುದು. ಹೊಲದ ಬದುವಿನಿಂದ ಚಂಗನೆ ಹಾರಿ ಓಡುವ, ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ಕಾಡುಮೊಲಕ್ಕೂ ಗೂಡಿನಲ್ಲಿ ಸಾಕುವ ಮೊಲಕ್ಕೂ ನಾವು ಒಂದೇ ಹೆಸರು ಬಳಸುತ್ತೇವೆ. ಅವೆರಡೂ ಬೇರೆ ಕುಲದ ಪ್ರಾಣಿಗಳು. ಕಾಡುಮೊಲದ ಮರಿ ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತು ಹುಟ್ಟುತ್ತದೆ. ಸಾಕುಮೊಲದ ಮರಿ ಬೆತ್ತಲೆಯಾಗಿ, ಕುರುಡಾಗಿ ಹುಟ್ಟುತ್ತದೆ. ಕ್ರೋಮೊಸೋಮುಗಳ ಸಂಖ್ಯೆಯೇ ಬೇರೆ, ಒಂದರಲ್ಲಿ 48, ಇನ್ನೊಂದರಲ್ಲಿ 44. ಇವುಗಳ ನಡುವೆ ಮಿಶ್ರತಳಿ ಹುಟ್ಟುವುದಿಲ್ಲ. ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನು ಇಲ್ಲೇ ನೆನಪಿಸಿಬಿಡುತ್ತೇನೆ, ಏಕೆಂದರೆ ಒಂದು ಮೇಳದಲ್ಲಿ ಅದನ್ನೂ ಗೂಡಿನಲ್ಲಿ ತಂದಿಟ್ಟದ್ದನ್ನು ನಾನು ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿದ್ದಾಗ ಅಲ್ಲಿನ ಒಂದು ಕೌಂಟಿ ಮೇಳದಲ್ಲಿ ಮೊಲಗಳ ತೀರ್ಪನ್ನು ಅರ್ಧ ದಿನ ನಿಂತು ನೋಡಿದೆ. ಆ ದೇಶದಲ್ಲಿ 1910ರಲ್ಲಿ ಬೇರೊಂದು ಹೆಸರಿನಲ್ಲಿ ಹುಟ್ಟಿದ ಮೊಲ ಸಾಕಣೆದಾರರ ಸಂಘ ತಳಿಮಾನಕದ ಪುಸ್ತಕವೊಂದನ್ನು ಪ್ರಕಟಿಸುತ್ತದೆ, ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಬ್ರಿಟನ್ನಿನಲ್ಲಿ ಅಂಥದೇ ಕೆಲಸವನ್ನು 1934ರಲ್ಲಿ ರೂಪುಗೊಂಡ ಬ್ರಿಟಿಷ್ ರ್‍ಯಾಬಿಟ್ ಕೌನ್ಸಿಲ್ ಮಾಡುತ್ತದೆ. ಅಮೆರಿಕದ ಪುಸ್ತಕದಲ್ಲಿ ಪ್ರತಿಯೊಂದು ತಳಿಗೂ ಒಟ್ಟು 100 ಅಂಕ. ಆ ನೂರನ್ನು ಹಂಚುವ ರೀತಿ ಮಾತ್ರ ತಳಿಯಿಂದ ತಳಿಗೆ ಬೇರೆ. ಮಾಂಸದ ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಮೈಕಟ್ಟಿಗೆ ಹೋಗುತ್ತದೆ, ಅಂಗೋರಾದಲ್ಲಿ ಅಷ್ಟು ಪಾಲು ಉಣ್ಣೆಗೆ ಹೋಗುತ್ತದೆ, ಇಂಗ್ಲಿಷ್ ಸ್ಪಾಟ್‌ನಂಥ ಚುಕ್ಕೆಯ ಮೊಲದಲ್ಲಿ ಚುಕ್ಕೆಗಳ ಸಾಲಿಗೆ ದೊಡ್ಡ ಪಾಲು. ನನಗೆ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ. ತೀರ್ಪುಗಾರರು ಪ್ರತಿ ಮೊಲದ ಮೇಲೆ ಕೈಯಿಟ್ಟುಕೊಂಡೇ ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಪಕ್ಕದಲ್ಲಿ ಕುಳಿತವರೊಬ್ಬರು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು, ಆ ಚೀಟಿ ಕೊನೆಗೆ ಮೊಲದ ಒಡೆಯನ ಕೈ ಸೇರುತ್ತಿತ್ತು. ಹತ್ತು ವರ್ಷದ ಮಕ್ಕಳು ಕೂಡ ತಮ್ಮ ಮೊಲದ ಹೆಗಲು ಯಾಕೆ ಕಡಿಮೆಯೆಂದು ಕೇಳಿಸಿಕೊಂಡು, ತಲೆಯಾಡಿಸಿ, ಮೊಲವನ್ನೆತ್ತಿಕೊಂಡು ಹೋಗುತ್ತಿದ್ದರು.

ಆ ಪುಸ್ತಕ ಮೊಲದ ಮೈಕಟ್ಟನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ನಮ್ಮ ಮೇಳಗಳಿಗೆ ಹೆಚ್ಚು ಬರುವುದು ಮಾಂಸದ ತಳಿಗಳ ಕಟ್ಟು. ನ್ಯೂಜಿಲೆಂಡ್, ಕ್ಯಾಲಿಫೋರ್ನಿಯನ್ ಮುಂತಾದವು ಇದರಲ್ಲಿ ಬರುತ್ತವೆ. ಇವುಗಳ ಬೆನ್ನಿನ ಗೆರೆ ಕಿವಿಯ ಬುಡದಿಂದ ನಿಧಾನವಾಗಿ ಏರಿ, ಸೊಂಟ ದಾಟಿ, ಹಿಂಭಾಗದ ನಡುಮಧ್ಯದಲ್ಲಿ ಶಿಖರ ಮುಟ್ಟಿ, ಅಲ್ಲಿಂದ ಬಾಲದವರೆಗೆ ದುಂಡಗೆ ಇಳಿಯಬೇಕು. ಮೇಲಿನಿಂದ ನೋಡಿದರೆ ಹಿಂಭಾಗದಿಂದ ಹೆಗಲಿನ ಕಡೆಗೆ ಮೈ ಸ್ವಲ್ಪ ಮಾತ್ರ ಕಿರಿದಾಗಬೇಕು, ಅಗಲವೂ ಎತ್ತರವೂ ಹೆಚ್ಚುಕಡಿಮೆ ಸಮನಾಗಿರಬೇಕು. ಇದನ್ನು ನೋಡಬೇಕಾದರೆ ಮೊಲವನ್ನು ಸರಿಯಾಗಿ ಕೂರಿಸಬೇಕು: ಮುಂಗಾಲು ಕಣ್ಣಿನ ನೇರಕ್ಕೆ ಕೆಳಗೆ, ಹಿಂಗಾಲಿನ ಬೆರಳುಗಳು ಅದರ ಮೊಣಕಾಲಿನ ನೇರಕ್ಕೆ. ಮೈಯನ್ನು ಎಳೆದು ಉದ್ದ ಮಾಡಿದರೆ ಒಳ್ಳೆಯ ಮೊಲವೂ ಚಪ್ಪಟೆಯಾಗಿ ಕಾಣುತ್ತದೆ. ಒತ್ತಿ ಮುದ್ದೆ ಮಾಡಿದರೆ ಕೆಟ್ಟ ಬೆನ್ನೂ ಗುಮ್ಮಟದಂತೆ ಕಾಣುತ್ತದೆ. ಗೂಡಿನ ಮೂಲೆಯಲ್ಲಿ ಹೆದರಿ ಮುದುಡಿ ಕುಳಿತ ಮೊಲದ ಕಟ್ಟನ್ನು ಹೊರಗೆ ನಿಂತು ಹೇಳಬಲ್ಲ ಪುಣ್ಯಾತ್ಮ ಭೂಮಿಯ ಮೇಲೆ ಇದ್ದಾನೆಂದು ನನಗೆ ಅನಿಸುವುದಿಲ್ಲ.

ದೈತ್ಯ ಗಾತ್ರದ ಫ್ಲೆಮಿಶ್ ಜೈಂಟ್‌ನ ಕಟ್ಟು ಬೇರೆ. ಅದರ ಬೆನ್ನಿನ ಬಿಲ್ಲು ಹೆಗಲಿನ ಹಿಂದೆ ಆರಂಭವಾಗಿ ಹಿಂಭಾಗದ ಮೇಲೆ ಉಬ್ಬುತ್ತದೆ. ಮಗುಚಿಟ್ಟ ಮ್ಯಾಂಡೊಲಿನ್‌ನಂತೆ ಎಂದು ಅಲ್ಲಿನವರು ಹೋಲಿಸುತ್ತಾರೆ. ನಮ್ಮವರು ತಂಬೂರಿಯ ಬುರುಡೆಯನ್ನು ನೆನೆದರೂ ನಡೆದೀತು. ಇದರ ಬೆಳೆದ ಗಂಡು ಕನಿಷ್ಠ 13 ಪೌಂಡ್, ಹೆಣ್ಣು ಕನಿಷ್ಠ 14 ಪೌಂಡ್ ಇರಲೇಬೇಕು, ಮೇಲಿನ ಮಿತಿಯಿಲ್ಲ. ತೂಕವೇ ಗುಣವಾಗುವ ತಳಿ ಇದ್ದರೆ ಇದೊಂದೇ ಎನ್ನಬಹುದು, ಆದರೂ ಉದ್ದವಾದ ಬಲಿಷ್ಠ ಮೈಯಿಲ್ಲದ ಬರೀ ಕೊಬ್ಬು ಇಲ್ಲೂ ಸಲ್ಲುವುದಿಲ್ಲ. ಪೂರ್ತಿ ಬಿಲ್ಲಿನಂತೆ ಕತ್ತಿನಿಂದ ಬಾಲದವರೆಗೆ ಬಾಗಿ, ಹೊಟ್ಟೆಯ ಕೆಳಗೆ ಬೆಳಕು ಕಾಣುವಂತೆ ಎತ್ತರದ ಕಾಲುಗಳ ಮೇಲೆ ನಿಲ್ಲುವ ತಳಿಗಳನ್ನು ಕೂರಿಸಿ ನೋಡುವುದೇ ತಪ್ಪು. ಅವನ್ನು ಮೇಜಿನ ಮೇಲೆ ಓಡಾಡಲು ಬಿಟ್ಟು ನೋಡುತ್ತಾರೆ. ಅವುಗಳಲ್ಲೊಂದಾದ ಬೆಲ್ಜಿಯನ್ ಹೇರ್ ಹೆಸರಿನಲ್ಲಿ ಕಾಡುಮೊಲವಾದರೂ ಜಾತಿಯಲ್ಲಿ ಅಪ್ಪಟ ಸಾಕುಮೊಲ. ಹಿಮಾಲಯನ್ ಎಂಬ ತಳಿಗೆ ಮಾತ್ರ ಕೊಳವೆಯಂಥ ಕಟ್ಟು. ಅದನ್ನು ಉದ್ದಕ್ಕೆ ಚಾಚಿ ಮಲಗಿಸಿಯೇ ನೋಡಬೇಕು.

ಇನ್ನುಳಿದದ್ದು ಪುಟ್ಟ ದುಂಡುಮೈಯ ಕಟ್ಟು. ನಗರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ 'ಡ್ವಾರ್ಫ್' ಎಂದು ಮಾರುವ ಮರಿಗಳಲ್ಲಿ ಬಹುಪಾಲು ತಾಯಿಯಿಂದ ಬೇಗ ಬಿಡಿಸಿದ ಸಾಧಾರಣ ಮರಿಗಳೇ. ಆರು ತಿಂಗಳಲ್ಲಿ ಅವು ಮೂರು ಕಿಲೊ ತೂಗುತ್ತವೆ, ಕೊಂಡವರು ಬೆರಗಾಗುತ್ತಾರೆ. ನಿಜವಾದ ನೆದರ್‌ಲ್ಯಾಂಡ್ ಡ್ವಾರ್ಫ್ ಬೆಳೆದ ಮೇಲೂ ಎರಡೂವರೆ ಪೌಂಡ್, ಅಂದರೆ ಒಂದು ಕಿಲೊ 130 ಗ್ರಾಂ ಮೀರುವಂತಿಲ್ಲ. ಅದರ ತಲೆ ಚೆಂಡಿನಂತಿರಬೇಕು, ಕಿವಿ ಎರಡಂಗುಲದ ಆಸುಪಾಸು, ಹೆಗಲು ಹಿಂಭಾಗದಷ್ಟೇ ಅಗಲ. ಈ ಕುಳ್ಳುತನವನ್ನು ತರುವ ಜೀನ್ ಎರಡೂ ಕಡೆಯಿಂದ ಬಂದ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತದೆ ಎಂಬ ಕಹಿ ಸತ್ಯವನ್ನು ಅಂಗಡಿಯವರು ಹೇಳುವುದಿಲ್ಲ.

ತುಪ್ಪಳದ ಪರೀಕ್ಷೆಗೆ ಕಣ್ಣು ಇನ್ನೂ ಕಡಿಮೆ ಸಾಕು. ಸಾಮಾನ್ಯ ತುಪ್ಪಳದ ಮೊಲವನ್ನು ಬಾಲದ ಕಡೆಯಿಂದ ಹೆಗಲಿನ ಕಡೆಗೆ, ಅಂದರೆ ಕೂದಲಿನ ಎದುರುದಿಕ್ಕಿಗೆ, ಒಮ್ಮೆ ತಡವಬೇಕು. ನ್ಯೂಜಿಲೆಂಡ್‌ನಂಥ ತಳಿಗಳಲ್ಲಿ ಕೂದಲು ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಚಿಮ್ಮಿ ಮಲಗಬೇಕು. ಬೇರೆ ಕೆಲವು ತಳಿಗಳಲ್ಲಿ ಗಾಳಿಗೆ ಬಾಗಿದ ರಾಗಿ ಪೈರು ಏಳುವಂತೆ ನಿಧಾನವಾಗಿ ಮರಳಬೇಕು. ಯಾವುದಕ್ಕೆ ಯಾವುದು ಎಂಬುದು ತಳಿಯ ಲಕ್ಷಣ. ಒಂದರ ಗುಣ ಇನ್ನೊಂದರ ದೋಷ. ಬಳಿಕ ಬೆರಳಿನಿಂದ ಚರ್ಮದವರೆಗೆ ಒತ್ತಿ ಒಳತುಪ್ಪಳ ಎಷ್ಟು ದಟ್ಟವಾಗಿದೆ, ಮೇಲ್ಗೂದಲು ಎಷ್ಟು ಗಡುಸಾಗಿದೆ ಎಂದು ನೋಡಬೇಕು. ರೆಕ್ಸ್ ತಳಿಯಲ್ಲಿ ಈ ಮೇಲ್ಗೂದಲು ಒಳತುಪ್ಪಳದಷ್ಟೇ ಗಿಡ್ಡ. 1919ರಲ್ಲಿ ಫ್ರಾನ್ಸಿನ ಹಳ್ಳಿಗಾಡಿನ ಮೊಲಗಳಲ್ಲಿ ತಾನಾಗಿ ಕಾಣಿಸಿಕೊಂಡ ಬದಲಾವಣೆ ಅದು. ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದದ ಆ ತುಪ್ಪಳ ನೆಟ್ಟಗೆ ನಿಂತಿರಬೇಕು, ಅಂಗೈ ಒತ್ತಿದರೆ ಒಳ್ಳೆಯ ಮಖಮಲ್ಲಿನಂತೆ ಪುಟಿಯಬೇಕು. ಅದರ ಮೀಸೆ ಮೋಟಾಗಿ ಸುರುಳಿಸುತ್ತಿಕೊಂಡಿರುವುದನ್ನು ನೋಡಿ, ಮೀಸೆ ಸುಟ್ಟ ಮೊಲ ತಂದಿದ್ದಾರೆ ಎಂದು ಪ್ರೇಕ್ಷಕರೊಬ್ಬರು ನನ್ನನ್ನು ಗದರಿದ್ದೂ ಉಂಟು. ಸ್ಯಾಟಿನ್ ಎಂಬ ಹೊಳಪಿನ ತಳಿ 1930ರ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿತು. ಕೂದಲಿನ ಹೊರಕವಚ ಪಾರದರ್ಶಕವಾಗಿರುವುದರಿಂದ ಬರುವ ಹೊಳಪು ಅದು, ಎಣ್ಣೆ ಸವರಿ ತರಲಾಗದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಿಂಚಿಲಾ ಬಣ್ಣದ ಪರೀಕ್ಷೆ. ನಮ್ಮ ದೇಶದ ಫಾರ್ಮುಗಳಲ್ಲಿ ಸೋವಿಯತ್ ಚಿಂಚಿಲಾ ಸಾಕಷ್ಟಿದೆ. ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರವೂ ಈ ತಳಿಯನ್ನು ಸಾಕುತ್ತದೆ. ದೂರದಿಂದ ಬರೀ ಬೂದುಬಣ್ಣದ ಮೊಲ. ಮಗ್ಗುಲಿನ ತುಪ್ಪಳಕ್ಕೆ ಬಾಯಿಂದ ಮೆಲ್ಲಗೆ ಊದಿದರೆ ಕೂದಲು ಹೂವಿನಂತೆ ಅರಳಿ ಬಳೆಬಳೆಯಾಗಿ ಬಣ್ಣ ಕಾಣುತ್ತದೆ: ಬುಡದಲ್ಲಿ ಕಪ್ಪುಹಲಗೆಯ ನೀಲಿ, ಅದರ ಮೇಲೆ ಮುತ್ತಿನ ಬಿಳಿ, ಮತ್ತೆ ಕಪ್ಪಿನ ತೆಳು ಗೆರೆ, ತುದಿಯಲ್ಲಿ ಕರಿಬಿಳಿಯ ಚಿಮುಕು. ಬಳೆಗಳು ಒಂದಕ್ಕೊಂದು ಕಲಸಿಹೋಗದೆ ಸ್ಪಷ್ಟವಾಗಿರಬೇಕು. ಅಂಗೋರಾವನ್ನೂ ಹೀಗೆ ಊದಿಯೇ ನೋಡುತ್ತಾರೆ. ಅಲ್ಲಿ ಬಣ್ಣಕ್ಕಿಂತ ಚರ್ಮ ಎಷ್ಟು ಕಡಿಮೆ ಕಾಣುತ್ತದೆ ಎಂಬುದು ಮುಖ್ಯ, ಕಡಿಮೆ ಕಂಡಷ್ಟೂ ಉಣ್ಣೆ ದಟ್ಟ. ಒಂದು ಉಸಿರಿನ ಖರ್ಚಿನ ಈ ಪರೀಕ್ಷೆಯನ್ನು ನಮ್ಮ ಯಾವ ಮೇಳದಲ್ಲೂ ನಾನು ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪರದೇಶದ ಮಾನಕವನ್ನು ಅಕ್ಷರಶಃ ತಂದು ನಮ್ಮ ಹವೆಯ ಮೇಲೆ ಹೇರಿದರೆ ಅನ್ಯಾಯವಾದೀತು. ಮೊಲಕ್ಕೆ ಬೆವರುವ ಶಕ್ತಿಯಿಲ್ಲ, ಕಿವಿಯ ರಕ್ತನಾಳಗಳೇ ಅದರ ಬೀಸಣಿಗೆ. ಬಿಸಿಲೂರುಗಳಲ್ಲಿ ಅದರ ತುಪ್ಪಳ ತೆಳುವಾಗುತ್ತದೆ. ಕುಲ್ಲು ಕಣಿವೆಯ ಅಂಗೋರಾದ ಉಣ್ಣೆಯನ್ನು ರಾಯಚೂರಿನಲ್ಲಿ ನಿರೀಕ್ಷಿಸುವಂತಿಲ್ಲ. ಕ್ಯಾಲಿಫೋರ್ನಿಯನ್ನಿನ ಮೂಗು, ಕಿವಿ, ಪಾದ, ಬಾಲಗಳ ಕಪ್ಪಿನ ಕಥೆ ಇನ್ನೂ ಸ್ವಾರಸ್ಯಕರ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ವೆಸ್ಟ್ ಈ ತಳಿಯನ್ನು ಕಟ್ಟುವಾಗ ಬಳಸಿದ ಹಿಮಾಲಯನ್ ಮೊಲದಿಂದ ಬಂದ ಆ ಬಣ್ಣ ದೇಹದ ತಂಪಾದ ಭಾಗಗಳಲ್ಲಿ ಮಾತ್ರ ಮೂಡುತ್ತದೆ, ಏಕೆಂದರೆ ಬಣ್ಣ ತಯಾರಿಸುವ ಕಿಣ್ವ ಬಿಸಿಗೆ ಕೆಲಸ ನಿಲ್ಲಿಸುತ್ತದೆ. ಹಿಮಾಲಯನ್ ಮೊಲದ ಬೆನ್ನಿನ ಕೂದಲು ಬೋಳಿಸಿ ಅಲ್ಲಿ ಮಂಜುಗಡ್ಡೆ ಕಟ್ಟಿದರೆ ಹೊಸ ಕೂದಲು ಕಪ್ಪಾಗಿ ಹುಟ್ಟುವುದನ್ನು ಕಾಲೇಜಿನ ಜೀವಶಾಸ್ತ್ರ ಪಾಠಗಳಲ್ಲಿ ಇಂದಿಗೂ ಉದಾಹರಿಸುತ್ತಾರೆ. ಹೀಗಿರುವಾಗ ಏಪ್ರಿಲ್‌ನ ಕಲಬುರಗಿಯಲ್ಲಿ ಮೂಗಿನ ಕಪ್ಪು ಮಾಸಿದ ಮೊಲವನ್ನು ಕಳಪೆ ತಳಿಯೆಂದು ತಳ್ಳುವುದು ತೀರ್ಪುಗಾರರ ಅಜ್ಞಾನವೇ ಹೊರತು ಮೊಲದ ದೋಷವಲ್ಲ. ಮೊಲದ ಸ್ಪರ್ಧೆಗಳನ್ನು ಡಿಸೆಂಬರ್, ಜನವರಿಯ ಬೆಳಗಿನ ಹೊತ್ತಿನಲ್ಲಿ ಇಟ್ಟುಕೊಂಡರೆ ಪ್ರಾಣಿಗೂ ಹಿತ, ತುಪ್ಪಳವೂ ತನ್ನ ಒಳ್ಳೆಯ ಸ್ಥಿತಿಯಲ್ಲಿರುತ್ತದೆ.

ಹವೆಯ ನೆಪ ಹೇಳಲಾಗದ ದೋಷಗಳೂ ಇವೆ. ಅವನ್ನು ಮೈಕಟ್ಟು ನೋಡುವುದಕ್ಕೂ ಮೊದಲು, ಮೊಲವನ್ನು ಅಂಗಾತ ತಿರುಗಿಸಿ ಹಿಡಿದು ನೋಡಿ ಮುಗಿಸಬೇಕು. ಮೇಲಿನ ಹಲ್ಲು ಕೆಳಗಿನದರ ಮುಂದೆ ಕೂರದೆ ಎದುರುಬದುರು ಕೂತಿದ್ದರೆ ಅದು ಮರಿಗಳಿಗೂ ದಾಟಬಹುದಾದ ದೋಷ. ಕಿವಿಯೊಳಗೆ ಕಜ್ಜಿಯ ಹೊಪ್ಪಳೆ, ಹಿಂಗಾಲಿನ ಅಡಿಯಲ್ಲಿ ಹುಣ್ಣು, ಬಣ್ಣದ ಮೊಲದಲ್ಲಿ ಒಂದೇ ಒಂದು ಬಿಳಿ ಉಗುರು, ಇವೆಲ್ಲ ಅನರ್ಹತೆಗಳು. ಮುಂಗಾಲಿನ ಒಳಬದಿಯ ಕೂದಲು ಅಂಟಿಕೊಂಡು ಜಡೆಗಟ್ಟಿದ್ದರೆ ಆ ಮೊಲಕ್ಕೆ ಶೀತವಿದೆ, ಮೂಗು ಒರೆಸಿಕೊಂಡಿದೆ ಎಂದೇ ಅರ್ಥ. ಒಡೆಯ ಮೂಗನ್ನು ಒರೆಸಿ ತಂದರೂ ಕಾಲು ಸುಳ್ಳು ಹೇಳುವುದಿಲ್ಲ. ಅಂಥ ಮೊಲವನ್ನು ಸ್ಪರ್ಧೆಯಿಂದಷ್ಟೇ ಅಲ್ಲ, ಮೇಳದಿಂದಲೇ ಹೊರಗಿಡಬೇಕು, ಇಲ್ಲವಾದರೆ ಸಾಲಿನಲ್ಲಿರುವ ಎಲ್ಲ ಗೂಡುಗಳಿಗೂ ಅಂಟು ಹರಡುತ್ತದೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆಯಿದೆ. ವರದಿಯ ಜೊತೆ ಅಚ್ಚಾದ ಚಿತ್ರದಲ್ಲಿ ಗಣ್ಯರೊಬ್ಬರು ನನ್ನ ಮೊಲವನ್ನು ಎರಡು ಕಿವಿ ಹಿಡಿದು ಎತ್ತಿ ನಗುತ್ತಿದ್ದಾರೆ. ತಡೆಯಲು ನಾನು ಮುಂದೆ ಬರುವಷ್ಟರಲ್ಲಿ ಛಾಯಾಗ್ರಾಹಕರು ಚಿತ್ರ ತೆಗೆದಾಗಿತ್ತು. ಹಾಗೆ ಎತ್ತಿದರೆ ಕಿವಿಗೆ ವಿಪರೀತ ನೋವು. ಹೆದರಿ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಮೈಗೆ ಒತ್ತಿಕೊಂಡು ಎತ್ತಬೇಕು. ಮಕ್ಕಳು ನೋಡುವ ಪುಟದಲ್ಲಿ ಇನ್ನು ಮುಂದೆ ಇಂಥ ಚಿತ್ರ ಬಾರದಿರಲಿ.

ಮೇಳದ ಸಂಘಟಕರಲ್ಲಿ ನಾನು ಕೇಳುವುದು ದುಬಾರಿಯಾದುದೇನಲ್ಲ. ಮೊಲಗಳನ್ನು ತಳಿವಾರು, ವಯಸ್ಸುವಾರು ಬೇರ್ಪಡಿಸಲಿ. ಆರು ತಿಂಗಳ ಒಳಗಿನವನ್ನು ದೊಡ್ಡವುಗಳ ಜೊತೆ ಹೋಲಿಸದಿರಲಿ. ಬೆರಕೆ ಮೊಲಗಳಿಗೆ ಬೇಕಾದರೆ ಆರೋಗ್ಯ ಮತ್ತು ಆರೈಕೆಯ ಆಧಾರದ ಮೇಲೆ ಪ್ರತ್ಯೇಕ ಬಹುಮಾನ ಇಡಲಿ. ಕಾಲು ಜಾರದಂತೆ ಚಾಪೆ ಅಥವಾ ರತ್ನಗಂಬಳಿಯ ತುಂಡು ಹಾಸಿದ ಒಂದು ಮೇಜು ಇರಲಿ. ಅಂಕಪಟ್ಟಿಯ ಕನ್ನಡ ಕರಡೊಂದನ್ನು ನಾನು ಬರೆದಿಟ್ಟಿದ್ದೇನೆ, ಪಶುವೈದ್ಯರು ತಿದ್ದಿಕೊಟ್ಟರೆ ಅಚ್ಚಿನ ಖರ್ಚನ್ನು ನಾನೇ ಕೊಡುತ್ತೇನೆ.

ನನ್ನ ಹೆಣ್ಣು ಮೊಲಕ್ಕೆ ಈಗ ಜೋಳ ನಿಲ್ಲಿಸಿ ಹುಲ್ಲು ಮತ್ತು ಕುದುರೆಮೆಂತ್ಯದ ಮೇಲೆ ಇಟ್ಟಿದ್ದೇನೆ. ಮೊನ್ನೆ ತೂಗಿದಾಗ 5 ಕಿಲೊ 600 ಗ್ರಾಂ ಇತ್ತು. ಮುಂದಿನ ಮೇಳಕ್ಕೂ ಅದನ್ನು ತರುತ್ತೇನೆ. ಇಳಿಯಬೇಕಾದ ಉಳಿದ 200 ಗ್ರಾಂ ಅಷ್ಟರಲ್ಲಿ ಇಳಿಯದಿದ್ದರೆ ತೀರ್ಪುಗಾರರು ಅದನ್ನು ಅನರ್ಹವೆಂದು ಮೇಜಿನ ಮುಂದೆಯೇ, ಆ ಹೈಸ್ಕೂಲು ಹುಡುಗನಿಗೂ ಕೇಳಿಸುವಂತೆ, ಗಟ್ಟಿಯಾಗಿ ಹೇಳಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮೊಲ ಸಾಕಣೆದಾರ, ತುಮಕೂರು ಜಿಲ್ಲೆ